ಮೈಕ್ರಾನ್ ಲೆಕ್ಕದ ಹೊಳಪು

ಹೋದ ವರ್ಷ ಆಯುಧಪೂಜೆ ಮುಗಿದ ವಾರ, ಬೆಂಗಳೂರಿನ ರಿಂಗ್ ರಸ್ತೆ ಪಕ್ಕದ ಒಂದು ಡೀಟೇಲಿಂಗ್ ಶೆಡ್ಡಿಗೆ ನನ್ನ ಕಾರು ತೆಗೆದುಕೊಂಡು ಹೋಗಿದ್ದೆ. ನನಗಿಂತ ಮುಂದೆ ಒಂದು ಬಿಳಿ ಕಾರು ನಿಂತಿತ್ತು. ಬಾನೆಟ್ ಮೇಲೆ ಮೂರು ಬೆರಳಿನ ಕುಂಕುಮದ ಗುರುತು. ತೊಳೆದಾಗಿದೆ, ಒರೆಸಿಯೂ ಆಗಿದೆ. ಪೇಟೆ ಕುಂಕುಮದ ಬಣ್ಣ ಮಾತ್ರ ತೆಳು ಗುಲಾಬಿಯಾಗಿ ಉಳಿದುಬಿಟ್ಟಿದೆ. ಕೆಲಸದ ಹುಡುಗ ಅದಕ್ಕಿಂತ ಹೆಚ್ಚು ತಲೆಕೆಡಿಸಿಕೊಂಡಿದ್ದು ಅದರ ಸುತ್ತಲಿನ ಜಾಗಕ್ಕೆ. ಟಾರ್ಚ್ ಹಾಕಿ ತೋರಿಸಿದ. ಬೆಳಕಿನ ಸುತ್ತ ಜೇಡರ ಬಲೆ ಹೆಣೆದಂತೆ ಸಣ್ಣ ಸಣ್ಣ ಗೀರು. ಟಾರ್ಚ್ ಸರಿಸಿದರೆ ಬಲೆಯೂ ಜೊತೆಗೇ ಸರಿಯುತ್ತದೆ. ‘ಕುಂಕುಮ ಇಷ್ಟು ಹಾಳು ಮಾಡಿಲ್ಲ ಸಾರ್, ಒರೆಸಿದ ಬಟ್ಟೆ ಮಾಡಿರೋದು’ ಅಂದ.

ಡೀಟೇಲಿಂಗ್ ಎಂದರೆ ಎರಡು ಪಟ್ಟು ದುಡ್ಡು ಕೊಟ್ಟು ಮಾಡಿಸುವ ವಾಟರ್ ವಾಶ್ ಎಂದೇ ನಾನೂ ತಿಳಿದಿದ್ದೆ. ವಾಶ್‌ನಲ್ಲಿ ಕಾರಿನ ಮೇಲೆ ಕೂತ ಕೊಳೆ ಹೋಗುತ್ತದೆ. ಇಲ್ಲಿ ಕೈ ಹಾಕುವುದು ಬಣ್ಣಕ್ಕೇ.

ಹಳೆಯ ಪದ್ಮಿನಿ ಕಾರನ್ನು ರಬ್ಬಿಂಗ್ ಮಾಡಿಸುವಾಗ ಬಟ್ಟೆಗೆ ಕಾರಿನ ಬಣ್ಣವೇ ಹತ್ತಿಕೊಳ್ಳುತ್ತಿದ್ದುದನ್ನು ನೋಡಿದವರಿಗೆ ನೆನಪಿರಬಹುದು. ಆಗ ಮೇಲಿದ್ದದ್ದು ಬರೀ ಬಣ್ಣ. ಈಗಿನ ಕಾರುಗಳಲ್ಲಿ ತಗಡಿನ ಮೇಲೆ ತುಕ್ಕು ತಡೆಯುವ ಪದರ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್. ಎಲ್ಲ ಸೇರಿದರೂ ಸುಮಾರು 100–120 ಮೈಕ್ರಾನ್. ಅದರಲ್ಲಿ ಕ್ಲಿಯರ್ ಕೋಟಿನ ಪಾಲು 35–50. ನಮ್ಮ ತಲೆಕೂದಲೇ ಹೆಚ್ಚುಕಡಿಮೆ 70 ಮೈಕ್ರಾನ್ ದಪ್ಪ. ನಾವು ಮೆಚ್ಚಿಕೊಳ್ಳುವ ಹೊಳಪೆಲ್ಲ ಇರುವುದು ಒಂದು ಕೂದಲಿನಷ್ಟೂ ದಪ್ಪವಿಲ್ಲದ ಆ ಪದರದಲ್ಲಿ. ಗೀರು ಬಿದ್ದಿರುವುದೂ ಅದರಲ್ಲೇ.

ಗೀರು ‘ತುಂಬುವ’ ಪಾಲಿಶ್ ಇದೆಯೇ ಎಂದು ಕೇಳಿದೆ. ಹುಡುಗ ನಕ್ಕ. ‘ಹಾಕೋದಲ್ಲ ಸಾರ್, ತೆಗೆಯೋದು.’ ಗೀರಿನ ತಳ ಎಲ್ಲಿದೆಯೋ ಅಲ್ಲಿಯವರೆಗೆ ಸುತ್ತಲಿನ ಕ್ಲಿಯರ್ ಕೋಟನ್ನು ಸವೆಸಿ ಮಟ್ಟ ಮಾಡಿದರೆ ಬೆಳಕು ಚದುರದೆ ನೇರ ಮರಳುತ್ತದೆ, ಅದೇ ಹೊಳಪು. ಒಳ್ಳೆಯ ಕೈಯಲ್ಲಿ ಒಂದು ಪಾಲಿಶ್‌ಗೆ ಎರಡು ಮೂರು ಮೈಕ್ರಾನ್ ಹೋಗುತ್ತದೆ. ಹೋದದ್ದು ಮತ್ತೆ ಬರುವುದಿಲ್ಲ. ಅದಕ್ಕೇ ಪ್ಯಾಡ್ ಮುಟ್ಟಿಸುವ ಮೊದಲು ಮೀಟರ್ ಇಟ್ಟು ಪೇಂಟಿನ ದಪ್ಪ ಅಳೆಯುತ್ತಾರೆ. ಅಳತೆ ಇದ್ದಕ್ಕಿದ್ದಂತೆ ಮುನ್ನೂರು ನಾನ್ನೂರಕ್ಕೆ ಏರಿದರೆ ಆ ಬಾಗಿಲು ಒಮ್ಮೆ ಟಿಂಕರಿಂಗ್ ಆಗಿ ಪೇಂಟ್ ಕಂಡಿದೆ ಎಂದರ್ಥ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಈ ಮೀಟರಿನ ಪರಿಚಯ ಮಾಡಿಕೊಳ್ಳುವುದು ಒಳ್ಳೆಯದು.

ಪಾಲಿಶ್‌ಗೂ ಮೊದಲು ಶುದ್ಧೀಕರಣದ ದೊಡ್ಡ ಕೆಲಸವಿದೆ. ತೊಳೆದ ಕಾರಿನ ಮೇಲೆ ಕೈಗೆ ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಸವರಿ ನೋಡಿ, ಮರಳು ಕಾಗದದ ಹಾಗೆ ತರಿತರಿ ಎನ್ನುತ್ತದೆ. ಬ್ರೇಕಿನಿಂದ ಹಾರಿದ ಕಬ್ಬಿಣದ ಪುಡಿ ಅಂಟಿ ಕೂತಿರುತ್ತದೆ. ಅದಕ್ಕೊಂದು ದ್ರಾವಣ ಸಿಂಪಡಿಸುತ್ತಾರೆ. ಕಬ್ಬಿಣ ಇದ್ದಲ್ಲೆಲ್ಲ ಅದು ನೇರಳೆ ಬಣ್ಣಕ್ಕೆ ತಿರುಗಿ ಇಳಿಯುತ್ತದೆ. ಬಿಳಿ ಕಾರು ನೇರಳೆ ಕಣ್ಣೀರು ಸುರಿಸಿದಂತೆ. ವಾಸನೆ ಮಾತ್ರ ಕೊಳೆತ ಮೊಟ್ಟೆಯದು. ಉಳಿದದ್ದನ್ನು ಚಪಾತಿ ಹಿಟ್ಟಿನಷ್ಟು ಮೆತ್ತಗಿರುವ ಕ್ಲೇ ಉಂಡೆಯಿಂದ, ಜಾರುವಂತೆ ದ್ರವ ಸಿಂಪಡಿಸುತ್ತ ಉಜ್ಜಿ ತೆಗೆಯುತ್ತಾರೆ. ಉಂಡೆ ನೆಲಕ್ಕೆ ಬಿತ್ತೋ, ನೇರ ಕಸದ ಬುಟ್ಟಿಗೆ.

ಮೋಸಕ್ಕೂ ಜಾಗವಿದೆ. ಕೆಲವು ಪಾಲಿಶ್‌ಗಳಲ್ಲಿರುವ ಎಣ್ಣೆ ಗೀರುಗಳನ್ನು ಮುಚ್ಚಿಡುತ್ತದೆ. ನಾಲ್ಕು ವಾಶ್ ಆದಮೇಲೆ ಎಲ್ಲವೂ ಮೊದಲಿನಂತೆ. ಒಂದು ಕಡೆ ಆಲ್ಕೊಹಾಲ್ ದ್ರವದಿಂದ ಒರೆಸಿ ಟಾರ್ಚ್ ಬೆಳಕಲ್ಲಿ ತೋರಿಸಿ ಎಂದು ಕೇಳಿ. ಪ್ರಾಮಾಣಿಕರು ಬೇಸರಿಸುವುದಿಲ್ಲ. ಸೆರಾಮಿಕ್ ಕೋಟಿಂಗ್ ಜಾಹೀರಾತಿನ ‘9ಎಚ್’ ವಜ್ರದ ಗಟ್ಟಿತನವಲ್ಲ, ಪೆನ್ಸಿಲ್ಲಿನ ಅಳತೆ. ನೀರು ಜಾರುತ್ತದೆ, ತೊಳೆಯುವುದು ಸುಲಭವಾಗುತ್ತದೆ. ಹೆದ್ದಾರಿಯ ಜಲ್ಲಿಕಲ್ಲಿಗೆ ಅದರ ಭಯವಿಲ್ಲ.

ಇನ್ನು ಒಳಗಡೆ. ಇದು ನನ್ನದೇ ತಪ್ಪಿನ ಕತೆ. ಊರಿಂದ ತಂದ ಹುಳಿಯ ಡಬ್ಬಿ ಹಿಂದಿನ ಸೀಟಿನ ಮೇಲೆ ಮಗುಚಿತ್ತು. ಅವಸರದಲ್ಲಿ ಸೋಪಿನ ನೀರು ಹಾಕಿ ಉಜ್ಜಿದೆ. ಹಳದಿ ಕಲೆ ಕಣ್ಣೆದುರೇ ಕೆಂಪಾಯಿತು. ಅರಿಶಿನಕ್ಕೆ ಸುಣ್ಣ ಸೇರಿದರೆ ಕೆಂಪಾಗುತ್ತದೆ, ಆರತಿಗೆ ಓಕುಳಿ ಕಲಸುವುದೇ ಹಾಗೆ ಎಂದು ಗೊತ್ತಿದ್ದೂ, ಸೋಪೂ ಸುಣ್ಣದಂತೆ ಕ್ಷಾರ ಎಂಬುದು ತಲೆಗೆ ಹೊಳೆದಿರಲಿಲ್ಲ. ಶೆಡ್ಡಿನಲ್ಲಿ ಮಾಡಿದ ಉಪಾಯ ಸರಳ: ಎಣ್ಣೆ ಜಿಡ್ಡನ್ನು ಮೃದು ದ್ರಾವಣದಿಂದ ತೆಗೆದರು, ಉಳಿದ ಹಳದಿಯನ್ನು ಬಿಸಿಲಿಗೆ ಬಿಟ್ಟರು. ಅರಿಶಿನದ ಬಣ್ಣ ಬಿಸಿಲಿಗೆ ತಡೆಯುವುದಿಲ್ಲ.

ಹಾಲಿನ ಕಲೆಗೆ ಇನ್ನೊಂದು ನ್ಯಾಯ. ಅದಕ್ಕೆ ಬಿಸಿ ಹಬೆ ಹಿಡಿದರೆ ಪ್ರೋಟೀನ್ ಗಟ್ಟಿಯಾಗಿ ಬಟ್ಟೆಯಲ್ಲೇ ಕೂರುತ್ತದೆ. ತಣ್ಣೀರು, ಕಿಣ್ವವಿರುವ ದ್ರಾವಣ, ಆಮೇಲೆ ನೀರು ಚಿಮ್ಮಿಸಿ ಕೂಡಲೇ ಹೀರುವ ಯಂತ್ರ. ಚಿಮ್ಮಿಸುವುದಕ್ಕಿಂತ ಹೀರುವುದು ಮುಖ್ಯ. ಸೀಟಿನ ಸ್ಪಂಜು ಒಳಗೆ ಒದ್ದೆ ಉಳಿದರೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ; ಸೀಟಿನಡಿ ಏರ್‌ಬ್ಯಾಗಿನ ಹಳದಿ ಕನೆಕ್ಟರ್‌ಗಳೂ ಇರುತ್ತವೆ. ಕಲೆಯನ್ನು ಅಂಚಿನಿಂದ ನಡುವಿಗೆ ಒತ್ತಿ ತೆಗೆಯುತ್ತಿದ್ದ ಆ ಹುಡುಗನ ಕೈ ನೋಡುತ್ತ ಕೂತರೆ ಹೊತ್ತು ಹೋಗುವುದೇ ತಿಳಿಯದು. ಡ್ಯಾಶ್‌ಬೋರ್ಡಿನ ಗಾಳಿಕಿಂಡಿಗಳ ಸಂದಿಯನ್ನು ಪೇಂಟಿಂಗ್ ಬ್ರಷ್ಷಿನಲ್ಲಿ ಒಂದೊಂದಾಗಿ ಬಿಡಿಸುತ್ತಿದ್ದ. ಅದಕ್ಕೇ ಅರ್ಧ ಗಂಟೆ. ಬಿಲ್ಲಿನಲ್ಲಿ ಇದೆಲ್ಲ ‘ಇಂಟೀರಿಯರ್’ ಎಂಬ ಒಂದೇ ಸಾಲು.

2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಇಟ್ಟಿತು. ಸರಿಯಾದ ಕ್ರಮವೇ. ಆದರೆ ನೀರಿಲ್ಲವೆಂದು ದೂಳಿನ ಮೇಲೆ ಒಣಬಟ್ಟೆ ಎಳೆದರೆ ಪ್ರತಿ ದಿನ ಮರಳು ತಿಕ್ಕಿದಂತೆ. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಒಂದೇ ಬಕೆಟ್, ಒಂದೇ ಬಟ್ಟೆಯಲ್ಲಿ ಹತ್ತು ಕಾರು ಒರೆಸುವ ಪದ್ಧತಿಗೆ ಹುಡುಗ ಇಟ್ಟ ಹೆಸರು ‘ನಮ್ಮ ಅನ್ನದಾತ’. ತಿಂಗಳಲ್ಲಿ ನಾಲ್ಕು ಸಲ ಸರಿಯಾಗಿ ತೊಳೆಯುವುದು ದಿನಾ ಒರೆಸುವುದಕ್ಕಿಂತ ಎಷ್ಟೋ ಮೇಲು. ಹಕ್ಕಿ ಹಿಕ್ಕೆ ಬಿದ್ದರೆ ಮಾತ್ರ ಅದೇ ದಿನ, ಒದ್ದೆ ಬಟ್ಟೆ ಹೊದಿಸಿ ನೆನೆಸಿ ಎತ್ತಿ. ಬಿಸಿಲಿಗೆ ಒಣಗಿದರೆ ಕ್ಲಿಯರ್ ಕೋಟನ್ನೇ ಕೊರೆಯುತ್ತದೆ.

ಮುಂದಿನ ಆಯುಧಪೂಜೆಗೆ ಅರಿಶಿನ ಕುಂಕುಮವನ್ನು ಬಾನೆಟ್ ಮೇಲಲ್ಲ, ಗಾಜಿನ ಮೇಲೆ ಇಡಿ. ಒರೆಸಿದರೆ ಹೋಗುತ್ತದೆ.