ಮಸಾಜ್ ಚಿಕಿತ್ಸಾ ಕೇಂದ್ರ ಮತ್ತು ಪವರ್ ಆಫ್ ಅಟಾರ್ನಿ

ಮಸಾಜ್ ಚಿಕಿತ್ಸಾ ಕೇಂದ್ರವೊಂದನ್ನು ಏಕಮಾಲೀಕತ್ವದಲ್ಲಿ ನಡೆಸುತ್ತಿರುವ ಮಹನೀಯರೊಬ್ಬರು ನಮ್ಮ ಕಚೇರಿಗೆ ಬಂದಿದ್ದಾಗ, "ನಾಳೆ ನನಗೇನಾದರೂ ಆದರೆ ಇರಲಿ ಎಂದು ತಮ್ಮನಿಗೆ ಜನರಲ್ ಪವರ್ ಆಫ್ ಅಟಾರ್ನಿ ಬರೆದುಕೊಟ್ಟಿದ್ದೇನೆ" ಎಂದು ನಿಶ್ಚಿಂತೆಯಿಂದ ನುಡಿದರು. ತೊಡಕಿರುವುದು ಆ "ಏನಾದರೂ ಆದರೆ" ಎಂಬ ಮಾತಿನಲ್ಲಿಯೇ.

1872ರ ಭಾರತೀಯ ಕರಾರು ಅಧಿನಿಯಮದ 201ನೆಯ ಪ್ರಕರಣದಂತೆ, ಅಧಿಕಾರ ಕೊಟ್ಟವರು ಮರಣ ಹೊಂದಿದರೆ ಅಥವಾ ಚಿತ್ತಸ್ವಾಸ್ಥ್ಯ ಕಳೆದುಕೊಂಡರೆ ಪ್ರತಿನಿಧಿಯ ಅಧಿಕಾರವೂ ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತದೆ. ಬುದ್ಧಿಶಕ್ತಿ ಕುಂದಿದ ಮೇಲೂ ಊರ್ಜಿತವಾಗಿರುವ ಪತ್ರಕ್ಕೆ ಇಂಗ್ಲೆಂಡಿನ 2005ರ ಕಾಯಿದೆ ಅವಕಾಶವಿತ್ತಿದೆ. ನಮ್ಮ ವ್ಯವಹಾರಗಳಿಗೆ ಅಂತಹ ಏರ್ಪಾಡಿಲ್ಲ.

ಹಾಗೆಂದು ಪತ್ರ ನಿರುಪಯುಕ್ತವೇನಲ್ಲ. ಮಾಲೀಕರು ಪರಸ್ಥಳದಲ್ಲಿರುವಾಗ, ಇಲ್ಲವೆ ಕೈ ಮುರಿದುಕೊಂಡಾಗ (ಈ ಕಸುಬಿನಲ್ಲಿ ಕೈಯೇ ಬಂಡವಾಳವಷ್ಟೆ) ಅದು ದೊಡ್ಡ ಆಸರೆ. ಆದರೆ ನ್ಯಾಯಾಲಯಗಳು ಇಂತಹ ಪತ್ರಗಳನ್ನು ಬಿಗಿಯಾಗಿ ಅರ್ಥೈಸುತ್ತವೆ. ಬ್ಯಾಂಕ್ ಖಾತೆ, ಮಳಿಗೆಯ ಬಾಡಿಗೆ ಕರಾರು, ಸಿಬ್ಬಂದಿ ವೇತನ ಇತ್ಯಾದಿಗಳನ್ನು ಹೆಸರಿಸಿಯೇ ಬರೆಯಬೇಕು. ಸಾಲ ಎತ್ತುವ ಅಧಿಕಾರ ಕೊಡುವ ಇಚ್ಛೆಯಿಲ್ಲದಿದ್ದರೆ ಅದನ್ನೂ ನಮೂದಿಸುವುದು ಕ್ಷೇಮ. ಜಿ.ಎಸ್.ಟಿ. ನೋಂದಣಿಯಿದ್ದರೆ ಅಧಿಕೃತ ಸಹಿದಾರರಾಗಿ ತಮ್ಮನನ್ನು ಪ್ರತ್ಯೇಕವಾಗಿಯೇ ಸೇರಿಸಬೇಕು. ಚಿಕಿತ್ಸಕರ ಅರ್ಹತೆ ಮಾತ್ರ ಯಾವ ಪತ್ರದಿಂದಲೂ ವರ್ಗವಾಗದು.

ಅವರಿಗೆ ನಾವು ಸೂಚಿಸಿದ್ದು ತಮ್ಮನೊಡನೆ ಪಾಲುದಾರಿಕೆ. 1932ರ ಪಾಲುದಾರಿಕೆ ಅಧಿನಿಯಮದಂತೆ ಪಾಲುದಾರರೊಬ್ಬರ ಚಿತ್ತಸ್ವಾಸ್ಥ್ಯ ಕೆಟ್ಟ ಮಾತ್ರಕ್ಕೆ ಸಂಸ್ಥೆ ತಾನಾಗಿ ವಿಸರ್ಜನೆಗೊಳ್ಳದು. ಆ ಕಾರಣಕ್ಕೆ ವಿಸರ್ಜಿಸಲು ನ್ಯಾಯಾಲಯದ ಆದೇಶ ಬೇಕು. ಮರಣಾನಂತರದ ವಿಷಯಕ್ಕೆ ಉಯಿಲೇ ಆಗಬೇಕು.

"ಹಾಗಾದರೆ ಲಾಭದಲ್ಲಿಯೂ ಪಾಲು ಕೊಡಬೇಕಲ್ಲವೆ?" ಎಂದು ಅವರು ಯೋಚನೆಗೆ ಬಿದ್ದರು. ಮನೆಯಲ್ಲಿ ಕೇಳಿ ತಿಳಿಸುವುದಾಗಿ ಹೇಳಿ ಹೋಗಿದ್ದಾರೆ.