ಕ್ಷೇತ್ರಭೇಟಿಗೆ ಮೊದಲು ಪ್ರಶ್ನೆ: ಮಹಾಪೂರದ ಗುರುತುಗಳ ಅಧ್ಯಯನ

ಕ್ಷೇತ್ರಭೇಟಿಯು ಬರಿಯ ಸಹಲಿಯಾಗಿ ಮುಗಿಯುವುದಕ್ಕೆ ಮುಖ್ಯ ಕಾರಣ, ವಿದ್ಯಾರ್ಥಿಗಳು ತಮ್ಮದೇ ಆದ ಪ್ರಶ್ನೆಯಿಲ್ಲದೆ ಹೊರಡುವುದು. ಶಿಕ್ಷಕರು ಬರೆದುಕೊಟ್ಟ ಇಪ್ಪತ್ತು ಪ್ರಶ್ನೆಗಳ ಹಾಳೆ ಈ ಕೊರತೆಯನ್ನು ತುಂಬಲಾರದು. ‘ಕೃಷ್ಣೆಯ ಉಗಮ ಎಲ್ಲಿ?’, ‘ಅದರ ಉಪನದಿಗಳು ಯಾವುವು?’ ಎಂಬವುಗಳ ಉತ್ತರ ಪಠ್ಯಪುಸ್ತಕದಲ್ಲಿಯೇ ಇದೆ. ಅದಕ್ಕಾಗಿ ಸಾಂಗಲಿಯ ಘಾಟಿನವರೆಗೆ ನಡೆಯಬೇಕಾಗಿಲ್ಲ. ಸ್ಥಳಕ್ಕೆ ಹೋಗದೆ ಉತ್ತರ ದೊರೆಯದ ಪ್ರಶ್ನೆಯೇ ನಿಜವಾದ ಅನ್ವೇಷಣಾ ಪ್ರಶ್ನೆ.

ಸಾಂಗಲಿ–ಮಿರಜ ಪರಿಸರದ ಮಕ್ಕಳಿಗೆ 2005, 2019 ಮತ್ತು 2021ರ ಮಹಾಪೂರಗಳು ಮನೆಮಾತು. ‘ಮಹಾಪೂರ ಏಕೆ ಬಂತು?’ ಎಂದೇ ಅವರು ಮೊದಲು ಕೇಳುತ್ತಾರೆ. ಪ್ರಶ್ನೆ ಸಹಜವಾದುದು, ಆದರೆ ಒಂದು ದಿನದ ಭೇಟಿಗೆ ಬಹಳ ದೊಡ್ಡದು. ಘಟ್ಟದ ಮಳೆ, ಕೊಯ್ನಾ ಜಲಾಶಯದ ವಿಸರ್ಗ, ಹರಿಪುರದಲ್ಲಿ ಬಂದು ಸೇರುವ ವಾರಣೆಯ ನೀರು, ಆಲಮಟ್ಟಿಯ ಹಿನ್ನೀರು — ಇವುಗಳಲ್ಲಿ ಯಾವುದರ ಪಾಲು ಎಷ್ಟು ಎಂಬ ಚರ್ಚೆ ಎರಡು ರಾಜ್ಯಗಳ ನಡುವೆ ನಡೆದೇ ಇದೆ. ಹಾಗೆಂದು ಪ್ರಶ್ನೆಯನ್ನು ತಳ್ಳಿಹಾಕಬಾರದು. ಫಲಕದ ಮೇಲೆ ಬರೆದು, ಮಕ್ಕಳಿಂದಲೇ ಅದನ್ನು ಕಿರಿದುಗೊಳಿಸಬೇಕು: ನೀರು ಎಲ್ಲಿಯವರೆಗೆ ಬಂತು? ನಮ್ಮ ಓಣಿಯಲ್ಲಿ ಎಷ್ಟು ಏರಿತು? ನದಿಯಿಂದ ಸಮಾನ ದೂರದಲ್ಲಿರುವ ಎರಡು ಮನೆಗಳಲ್ಲಿ ಒಂದು ಮುಳುಗಿ ಇನ್ನೊಂದು ಉಳಿದದ್ದೇಕೆ?

ಈ ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ಒಂದೇ ಓಣಿಯಲ್ಲಿ ನಿಂತ ನೀರಿನ ಮೇಲ್ಮೈ ಬಹುಮಟ್ಟಿಗೆ ಸಮತಲವಾಗಿರುತ್ತದೆ. ಆದುದರಿಂದ ಒಂದು ಗೋಡೆಯ ಗುರುತು ರಸ್ತೆಯಿಂದ 6 ಅಡಿ, ಇನ್ನೊಂದರದು 4 ಅಡಿ ಎತ್ತರದಲ್ಲಿದ್ದರೆ ಅಲ್ಲಿ ಬದಲಾದುದು ನೀರಲ್ಲ, ನೆಲ. ಮೊದಲಿನ ಜಾಗ 2 ಅಡಿ ತಗ್ಗು. ಅಳತೆ ಟೇಪೊಂದರಿಂದಲೇ ಮಕ್ಕಳು ತಮ್ಮ ಓಣಿಯ ಭೂರೂಪದ ನಕಾಶೆಯನ್ನು ತಯಾರಿಸಬಲ್ಲರು. ಅಳತೆಯನ್ನು ಕಟ್ಟೆಯಿಂದಾಗಲಿ ಹೊಸ್ತಿಲಿನಿಂದಾಗಲಿ ತೆಗೆದುಕೊಳ್ಳದೆ ರಸ್ತೆಯ ಮಟ್ಟದಿಂದಲೇ ತೆಗೆದುಕೊಳ್ಳತಕ್ಕದ್ದು. ಯಾವ ವರ್ಷದ ಗುರುತೆಂಬುದನ್ನು ಎರಡು ಮನೆಯವರಿಂದಾದರೂ ಖಚಿತಪಡಿಸಿಕೊಳ್ಳಬೇಕು.

ಇಲ್ಲಿಂದ ಮತ್ತೊಂದು ಪ್ರಶ್ನೆ ಹುಟ್ಟುತ್ತದೆ. ಸಾಂಗಲಿಯ ಐರ್ವಿನ್ ಸೇತುವೆಯ ಬಳಿ ನೀರಿನ ಮಟ್ಟ 40 ಅಡಿಯಾದರೆ ಎಚ್ಚರಿಕೆ, 45 ಅಡಿಯಾದರೆ ಅಪಾಯ ಎಂದು ಗಣಿಸುತ್ತಾರೆ. 2019ರ ಆಗಸ್ಟಿನಲ್ಲಿ ಅದು 57 ಅಡಿಯನ್ನು ದಾಟಿತು. ಸುದ್ದಿಯಲ್ಲಿ ಕೇಳುವ ಈ ಅಂಕಿಗೆ ನಮ್ಮ ಓಣಿಯಲ್ಲಿ ಅರ್ಥವೇನು? ಆ ವರ್ಷದ ಗುರುತು ರಸ್ತೆಯಿಂದ 6 ಅಡಿ ಎತ್ತರವಿದ್ದರೆ, ಸೇತುವೆಯ ಮಟ್ಟ ಸುಮಾರು 51 ಅಡಿಯಾದಾಗ ಓಣಿಗೆ ನೀರು ಕಾಲಿಡುತ್ತದೆ ಎಂದಾಯಿತು. ಇದು ಸ್ಥೂಲ ಲೆಕ್ಕ. ಸೇತುವೆಯಿಂದ ದೂರ ಹೋದಂತೆ ನದಿಯ ಇಳಿಜಾರಿನಿಂದ ವ್ಯತ್ಯಾಸ ಹೆಚ್ಚುತ್ತದೆ. ಆದರೂ ಇಂಥ ಅಂಕಿ ಯಾವ ಪುಸ್ತಕದಲ್ಲಿಯೂ ಇಲ್ಲ, ಮತ್ತು ಮನೆಯವರಿಗೆ ಅದು ಬೇಕಾಗಿದೆ.

ಭೇಟಿಗೆ ಮೊದಲು ಪ್ರತಿಯೊಂದು ಗುಂಪೂ ತನ್ನ ಊಹೆಯನ್ನು ಬರೆದಿಡಲಿ. ‘ನದಿಯಿಂದ ದೂರ ಹೋದಂತೆ ನೀರು ಕಡಿಮೆ’ ಎಂದೇ ಹೆಚ್ಚಿನವರು ಬರೆಯುತ್ತಾರೆ. ನಾಲೆಯ ಪಕ್ಕದ, ನದಿಗೆ ದೂರವಾದ ತಗ್ಗಿನಲ್ಲಿ ಊಹೆ ಸುಳ್ಳಾದಾಗ, ನೀರು ಯಾವ ದಾರಿಯಿಂದ ಬಂತು ಎಂಬ ಮುಂದಿನ ಪ್ರಶ್ನೆಯನ್ನು ಅವರೇ ಕೇಳುತ್ತಾರೆ.

ನಮ್ಮ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಇನ್ನೊಂದು ಸಿದ್ಧತೆ ಅವಶ್ಯ. ಪ್ರಶ್ನೆ ಹುಟ್ಟುವುದು ಕನ್ನಡದಲ್ಲಿ, ಉತ್ತರ ಸಿಗುವುದು ಹಲವು ಸಲ ಮರಾಠಿಯಲ್ಲಿ. ‘ನೀರು ಎಲ್ಲಿಯವರೆಗೆ ಬಂದಿತ್ತು?’ ಎಂಬುದನ್ನು ‘ಪಾಣಿ ಕುಠಪರ್ಯಂತ ಆಲಂ ಹೋತಂ?’ ಎಂದು ಕೇಳಲು ಮೊದಲೇ ಅಭ್ಯಾಸ ಮಾಡಿಸಿ. ಹರಿಪುರದಲ್ಲಿ ಅರಿಶಿನವನ್ನು ನೆಲದೊಳಗೆ ಕೂಡಿಡುತ್ತಿದ್ದ ‘ಪೇವ’ ಎಂದರೆ ನಮ್ಮ ‘ಹಗೇವು’ ಎಂದು ತಿಳಿದ ಮಗು, ನದಿಯ ಬದಿಯಲ್ಲಿಯೇ ಹಗೇವು ತೋಡಿದ್ದೇಕೆ ಎಂದು ತಾನಾಗಿ ಕೇಳೀತು. ಟಿಪ್ಪಣಿ ಮಾತ್ರ ಕನ್ನಡದಲ್ಲಿರಲಿ.

ಜತ್ತ ತಾಲೂಕಿನ ಶಾಲೆಗಳಿಗೆ ಈ ವಿಷಯ ಹೊಂದದು. ಅಲ್ಲಿಯ ಪ್ರಶ್ನೆ ಬರದ್ದು: ಬಾವಿಯ ನೀರು ಯಾವ ತಿಂಗಳಲ್ಲಿ ಎಷ್ಟು ಇಳಿಯುತ್ತದೆ, ಮ್ಹೈಸಾಳ ಯೋಜನೆಯ ನೀರು ಯಾವ ಹೊಲದವರೆಗೆ ಬಂದಿದೆ. ಅಳತೆಯ ಹಗ್ಗವೊಂದು ಸಾಕು. ಬಾವಿಯ ಬಳಿ ಹಿರಿಯರು ಜೊತೆಗಿರಬೇಕು.

ಮಹಾಪೂರದ ಅಧ್ಯಯನವನ್ನು ದೀಪಾವಳಿಯ ರಜೆಯ ನಂತರ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ನದಿಯ ದಂಡೆಗೆ ಮಕ್ಕಳನ್ನು ಒಯ್ಯಬಾರದು. ‘ನಿಮಗೆಷ್ಟು ನಷ್ಟವಾಯಿತು?’ ಎಂಬ ಪ್ರಶ್ನೆಯನ್ನು ಪಟ್ಟಿಯಿಂದ ತೆಗೆದುಹಾಕಿ. ಮನೆಯವರು ತಾವಾಗಿ ಹೇಳಿದರೆ ಟೇಪನ್ನು ಕೆಳಗಿಟ್ಟು ಕೇಳಿಕೊಳ್ಳಲು ಮಕ್ಕಳಿಗೆ ತಿಳಿಸಿರಿ.