ಫಲಕವಿಲ್ಲದ ಬಾಗಿಲು, ಎಣ್ಣೆ ಹತ್ತಿದ ಕೈ

ಸಿಡ್ನಿಯ ದೇಶೀಯ ವಿಮಾನ ನಿಲ್ದಾಣದಲ್ಲಿ ಬೆಳಗಿನ ಆರಕ್ಕೇ ಜಾತ್ರೆ. ಕ್ಯಾನ್‌ಬೆರಾದ ಕಚೇರಿಗಳಿಗೆ ಹೊರಟವರು, ಮೆಲ್ಬರ್ನಿನ ಸಭೆಗೆ ಓಡುವವರು, ಮಗುವನ್ನು ಕಂಕುಳಲ್ಲಿಟ್ಟುಕೊಂಡೇ ಬೆಲ್ಟು ಬಿಚ್ಚಿ ತಪಾಸಣೆಗೆ ನಿಂತವರು. ಕಾಫಿ ಅಂಗಡಿಯ ಮುಂದೆ ಒಂದು ಸಾಲು, ಶೌಚಾಲಯದ ಮುಂದೆ ಇನ್ನೊಂದು. ಇಲ್ಲಿ ಪ್ರತಿ ಬಾಗಿಲ ಮೇಲೂ ಹೆಸರೋ ಬಾಣದ ಗುರುತೋ ಇದೆ. ಒಂದು ಬಾಗಿಲಿಗೆ ಮಾತ್ರ ಫಲಕವಿಲ್ಲ. ಅದು ಕ್ವಾಂಟಾಸ್ ಸಂಸ್ಥೆಯ ಚೇರ್ಮನ್ಸ್ ಲೌಂಜ್. ದುಡ್ಡು ಕೊಟ್ಟು ಒಳಗೆ ಹೋಗಲಾಗದು, ಅರ್ಜಿ ಹಾಕುವಂತಿಲ್ಲ, ಎಷ್ಟು ಸಾವಿರ ಮೈಲಿ ಹಾರಿದ್ದರೂ ಲೆಕ್ಕಕ್ಕಿಲ್ಲ. ಸಂಸ್ಥೆಯೇ ಕರೆಯಬೇಕು. ಕರೆ ಬರುವುದು ಸಂಸದರಿಗೆ, ಮಂತ್ರಿಗಳಿಗೆ, ನ್ಯಾಯಾಧೀಶರಿಗೆ, ಇಲಾಖೆಗಳ ಹಿರಿಯ ಅಧಿಕಾರಿಗಳಿಗೆ, ದೊಡ್ಡ ಕಂಪನಿಗಳನ್ನು ನಡೆಸುವವರಿಗೆ. ಒಳಗೆ ಮೆತ್ತನೆಯ ಕುರ್ಚಿ, ಕೇಳಿದ್ದನ್ನು ಬಿಸಿಬಿಸಿಯಾಗಿ ತಂದು ಬಡಿಸುವ ಊಟ, ಹೆಸರು ಹಿಡಿದು ಮಾತಾಡಿಸುವ ಸಿಬ್ಬಂದಿ.

ಅದೇ ಹೊತ್ತಿಗೆ ಗಾಜಿನ ಗೋಡೆಯಾಚೆ, ಒಂದು ಮಹಡಿ ಕೆಳಗೆ, ಹೊಳೆಯುವ ಹಳದಿ ಜಾಕೆಟ್ ತೊಟ್ಟವರು ವಿಮಾನದ ಹೊಟ್ಟೆಯ ಕೆಳಗೆ ಬಗ್ಗಿದ್ದಾರೆ. ಒಬ್ಬ ಟಾರ್ಚ್ ಹಿಡಿದು ಚಕ್ರದ ಬ್ರೇಕ್ ನೋಡುತ್ತಾನೆ. ಇನ್ನೊಬ್ಬ ಎಂಜಿನ್ನಿನ ಬಾಯಿಯೊಳಗೆ ತಲೆ ತೂರಿಸಿ ಫ್ಯಾನಿನ ಎಸಳುಗಳ ಮೇಲೆ ಕಣ್ಣಾಡಿಸುತ್ತಾನೆ. ಮೇಲೆ ಎದ್ದು ಕಾಣುವ ಕೆಂಪು ಬಾಲ, ಅದರ ಮೇಲೆ ಬಿಳಿ ಕಾಂಗರೂ. ಆ ಸಂಸ್ಥೆಗೆ ನೂರು ವರ್ಷ ಮೀರಿದ ಮರ್ಯಾದೆ ಇದೆ. ಅದನ್ನು ಗಳಿಸಿಕೊಟ್ಟವರು ಈ ಹಳದಿ ಜಾಕೆಟ್ಟಿನವರು, ಅವರಿಗೂ ಹಿಂದಿನವರು.

ಕ್ವಾಂಟಾಸ್ ಶುರುವಾದದ್ದು ಕ್ವೀನ್ಸ್‌ಲ್ಯಾಂಡಿನ ಒಣ ಬಯಲಿನಲ್ಲಿ. ಮೊದಲ ಮಹಾಯುದ್ಧದಿಂದ ಮರಳಿದ ಪಾಲ್ ಮೆಕ್‌ಗಿನಿಸ್ ಮತ್ತು ಹಡ್ಸನ್ ಫಿಶ್ ಎಂಬಿಬ್ಬರು ಯುವಕರು ಒಂದು ಫೋರ್ಡ್ ಕಾರಿನಲ್ಲಿ ರಸ್ತೆಯೇ ಇಲ್ಲದ ಉತ್ತರದ ಸೀಮೆಯನ್ನು ಹಾದು ಡಾರ್ವಿನ್‌ವರೆಗೆ ಹೋದರು. ಇಲ್ಲಿ ಚಕ್ರಕ್ಕಿಂತ ರೆಕ್ಕೆಯೇ ಮೇಲು ಎಂಬುದು ಆ ಪ್ರಯಾಣ ಅವರಿಗೆ ಕಲಿಸಿದ ಪಾಠ. ಕುರಿ ಸಾಕಣೆಯ ಜಮೀನ್ದಾರ ಫರ್ಗಸ್ ಮೆಕ್‌ಮಾಸ್ಟರ್ ಬೆನ್ನಿಗೆ ನಿಂತ. 1920ರ ನವೆಂಬರ್ 16ರಂದು ಕಂಪನಿ ನೋಂದಣಿಯಾಯಿತು. ಸ್ಥಾಪಕರ ಸಾಲಿನಲ್ಲಿ ನಾಲ್ಕನೆಯ ಹೆಸರು ಆರ್ಥರ್ ಬೇರ್ಡ್. ಯುದ್ಧದಲ್ಲಿ ಇವರಿಬ್ಬರ ಸ್ಕ್ವಾಡ್ರನ್ನಿನ ವಿಮಾನಗಳನ್ನು ರಿಪೇರಿ ಮಾಡುತ್ತಿದ್ದ ಮೆಕ್ಯಾನಿಕ್ ಈತ. ಹಾರುವವರ ಜೊತೆ ರಿಪೇರಿಯವನೂ ಸ್ಥಾಪಕನೆನಿಸಿಕೊಂಡ ಈ ಸಂಗತಿಯನ್ನು ನಾನು ಬಹಳ ದೊಡ್ಡದೆಂದು ಎಣಿಸುತ್ತೇನೆ. ಲಾಂಗ್‌ರೀಚ್ ಊರಿನಲ್ಲಿ ಇವರು ಕಟ್ಟಿದ ತಗಡಿನ ಹ್ಯಾಂಗರ್ ಇವತ್ತಿಗೂ ನಿಂತಿದೆ. ಸೆಕೆಯಲ್ಲಿ ಕಾವಲಿಯಾಗುವ ಆ ಕೊಟ್ಟಿಗೆಯಲ್ಲಿ ಬೇರ್ಡ್ ಮತ್ತು ಸಂಗಡಿಗರು ರಿಪೇರಿ ಮಾಡಿದ್ದಷ್ಟೇ ಅಲ್ಲ, ಪರವಾನಗಿ ಪಡೆದು ಇಡೀ ವಿಮಾನಗಳನ್ನೇ ಜೋಡಿಸಿ ಹಾರಿಸಿದರು.

ಒಳಗಿನವರಿಗೆ ಸಿಗುವ ಸವಲತ್ತು ಅಲ್ಲಿಯೂ ಇತ್ತು. 1922ರ ನವೆಂಬರಿನಲ್ಲಿ ನಿಗದಿತ ಸೇವೆ ಆರಂಭವಾದಾಗ ಒಂದನೇ ನಂಬರಿನ ಟಿಕೆಟ್ ಸಿಕ್ಕಿದ್ದು ಅಲೆಗ್ಸಾಂಡರ್ ಕೆನಡಿ ಎಂಬ 84ರ ಮುದುಕನಿಗೆ. ಕಂಪನಿಗೆ ಬಂಡವಾಳ ಹಾಕುವಾಗಲೇ ಮೊದಲ ಟಿಕೆಟ್ ತನಗೇ ಎಂದು ಆತ ಮಾತು ತೆಗೆದುಕೊಂಡಿದ್ದ. ಹರೆಯದಲ್ಲಿ ಎತ್ತಿನ ಗಾಡಿಯಲ್ಲಿ ತಿಂಗಳುಗಟ್ಟಲೆ ತೆವಳಿದ್ದ ಸೀಮೆಯನ್ನು ಅವನು ಗಂಟೆಗಳಲ್ಲಿ ದಾಟಿದ. ಆ ಸವಲತ್ತಿನಲ್ಲಿ ಗುಟ್ಟಿರಲಿಲ್ಲ. ಊರಿಗೆಲ್ಲ ಗೊತ್ತಿತ್ತು, ಅದಕ್ಕೆ ಅವನು ಹಣವನ್ನೂ ಹಾಕಿದ್ದ, ತೆರೆದ ಕಾಕ್‌ಪಿಟ್ಟಿನ ಆ ಕಾಲದಲ್ಲಿ ಜೀವವನ್ನೂ ಒಡ್ಡಿದ್ದ.

ಕ್ವಾಂಟಾಸ್ ಹೆಸರು ಲೋಕಕ್ಕೆಲ್ಲ ಹಬ್ಬಿದ್ದು ಒಂದು ಹಾಲಿವುಡ್ ಸಿನಿಮಾದಿಂದ. 1988ರ 'ರೇನ್ ಮ್ಯಾನ್'ನಲ್ಲಿ ಡಸ್ಟಿನ್ ಹಾಫ್‌ಮನ್ ಮಾಡಿದ ಪಾತ್ರ ಬೇರೆ ಯಾವ ವಿಮಾನವನ್ನೂ ಹತ್ತಲೊಲ್ಲದು, ಕ್ವಾಂಟಾಸ್ ಒಂದೇ ಬಿದ್ದಿಲ್ಲ ಎಂದು ಹಟ ಹಿಡಿಯುತ್ತದೆ. ಇದು ಪೂರ್ತಿ ನಿಜವಲ್ಲ. 1927ರಲ್ಲಿ, 1934ರಲ್ಲಿ, ಯುದ್ಧಕಾಲದಲ್ಲಿ ಅದರ ವಿಮಾನಗಳು ಬಿದ್ದು ಜನ ಸತ್ತಿದ್ದಾರೆ. ಜೀವಹಾನಿಯಾದ ಕೊನೆಯ ಅವಘಡ ನ್ಯೂಗಿನಿಯಲ್ಲಿ, 1951ರಲ್ಲಿ. ಆದರೆ ಜೆಟ್ ಯುಗ ಬಂದ ಮೇಲೆ ಒಂದು ಜೀವವೂ ಹೋಗಿಲ್ಲ ಎಂಬುದು ದಿಟ, ಅದೇನು ಸಣ್ಣ ಮಾತಲ್ಲ.

ಆ ಹೆಸರು ಕೈತಪ್ಪಿ ಹೋಗಲಿದ್ದ ದಿನವೂ ಒಂದಿತ್ತು. 2010ರ ನವೆಂಬರ್ 4ರ ಬೆಳಿಗ್ಗೆ ಸಿಂಗಪುರದ ಚಾಂಗಿಯಿಂದ ಸಿಡ್ನಿಗೆ ಏರ್‌ಬಸ್ ಎ380 ಮೇಲೇರಿತು. ಒಳಗೆ 469 ಮಂದಿ. ನಾಲ್ಕೇ ನಿಮಿಷ ಕಳೆದಿರಬೇಕು, ಒಂದರ ಹಿಂದೆ ಒಂದು ಸದ್ದು. ಎಡ ರೆಕ್ಕೆಯ ಎಂಜಿನ್ನೊಂದರಲ್ಲಿ ಟರ್ಬೈನ್ ಡಿಸ್ಕ್ ಒಡೆದು, ಅದರ ಚೂರುಗಳು ರೆಕ್ಕೆಯನ್ನು ಸೀಳಿಕೊಂಡು ಹೊರಗೆ ಹಾರಿದವು. ತುಂಡುಗಳು ಕೆಳಗಿನ ಬಾತಾಮ್ ದ್ವೀಪದ ಮನೆಗಳ ನಡುವೆ ಬಿದ್ದವು. ವೈರುಗಳು ಕಡಿದಿದ್ದವು, ಇಂಧನ ಸೋರುತ್ತಿತ್ತು, ಪರದೆಯ ಮೇಲೆ ಎಚ್ಚರಿಕೆಯ ಸಾಲುಗಳು ಮುಗಿಯುತ್ತಲೇ ಇರಲಿಲ್ಲ. ಕ್ಯಾಪ್ಟನ್ ರಿಚರ್ಡ್ ಡಿ ಕ್ರೆಸ್ಪಿನಿ ಮತ್ತು ಕಾಕ್‌ಪಿಟ್ಟಿನಲ್ಲಿದ್ದ ಇನ್ನೂ ನಾಲ್ವರು ಪೈಲಟ್‌ಗಳು ಒಂದೊಂದೇ ಎಚ್ಚರಿಕೆ ಓದಿ, ಏನು ಉಳಿದಿದೆ ಏನು ಹೋಗಿದೆ ಎಂದು ಲೆಕ್ಕ ಹಾಕುತ್ತ, ಸುಮಾರು ಎರಡು ಗಂಟೆಯ ಮೇಲೆ ಅದನ್ನು ಚಾಂಗಿಯಲ್ಲೇ ಇಳಿಸಿದರು. ಇಳಿದ ಮೇಲೂ ಒಂದು ಎಂಜಿನ್ ನಿಲ್ಲಲೊಲ್ಲದು. ನಿಲ್ಲಿಸುವ ತಂತಿಗಳೇ ತುಂಡಾಗಿದ್ದವು. ಕೆಂಡವಾದ ಬ್ರೇಕುಗಳ ಪಕ್ಕದಲ್ಲೇ ಇಂಧನ ಸುರಿಯುತ್ತಿರುವಾಗ ಜನರನ್ನು ಜಾರುಬಂಡಿಯಲ್ಲಿ ಇಳಿಸುವುದು ಇನ್ನೂ ಅಪಾಯ ಎಂದು ಒಳಗೇ ಕೂರಿಸಿದರು. ಅಗ್ನಿಶಾಮಕರು ನೀರು, ನೊರೆ ಸುರಿದು ಆ ಎಂಜಿನ್ನಿನ ಉಸಿರು ಕಟ್ಟಿಸಲು ಸುಮಾರು ಮೂರು ಗಂಟೆ ಹಿಡಿಯಿತು. ಒಬ್ಬರಿಗೂ ಗಾಯವಾಗಲಿಲ್ಲ.

ತನಿಖೆ ಕೊನೆಗೆ ಬೊಟ್ಟು ಮಾಡಿದ್ದು ಒಂದು ಸಣ್ಣ ಎಣ್ಣೆ ಕೊಳವೆಯತ್ತ. ರೋಲ್ಸ್ ರಾಯ್ಸ್ ಕಾರ್ಖಾನೆಯಲ್ಲಿ ಅದನ್ನು ಕೊರೆಯುವಾಗ ರಂಧ್ರ ನಡುವಿನಿಂದ ಕೊಂಚ ಸರಿದಿತ್ತು. ಹಾಗಾಗಿ ಒಂದು ಬದಿಯ ಗೋಡೆ ತೆಳುವಾಗಿ, ಬಿರುಕುಬಿಟ್ಟು, ಎಣ್ಣೆ ಸೋರಿ ಬೆಂಕಿ ಹತ್ತಿತ್ತು. ಅವಘಡವಾದ ಕೂಡಲೇ ಕ್ವಾಂಟಾಸಿನ ಅಂದಿನ ಮುಖ್ಯಸ್ಥ ಅಲನ್ ಜಾಯ್ಸ್ ತಡಮಾಡದೆ ಎ380ಗಳನ್ನೆಲ್ಲ ನೆಲದಲ್ಲೇ ನಿಲ್ಲಿಸಿದರು. ಮುಂದೆ ಅವರ ಬಗ್ಗೆ ಏನೇ ಹೇಳಬೇಕಾಗಿ ಬಂದರೂ ಆ ದಿನದ ನಿರ್ಧಾರ ಸರಿಯಾಗಿತ್ತು.

ದೊಡ್ಡ ತಪಾಸಣೆ ಹೇಗೆ ನಡೆಯುತ್ತದೆಂದು ನೋಡದವರಿಗೆ ಈ ಕೊಳವೆಯ ಕಥೆ ದೂರದ್ದೆನಿಸಬಹುದು. ಕೆಲವು ವರ್ಷಗಳಿಗೊಮ್ಮೆ ವಿಮಾನವನ್ನು ಹ್ಯಾಂಗರಿಗೆ ಎಳೆತಂದು ವಾರಗಟ್ಟಲೆ ಬಿಚ್ಚಿಹಾಕುತ್ತಾರೆ. ಸೀಟುಗಳು ಹೊರಗೆ, ಕಾರ್ಪೆಟ್ ಹೊರಗೆ, ಒಳಗೋಡೆಯ ಹಲಗೆಗಳು ಹೊರಗೆ. ಅಡುಗೆ ಕೋಣೆಯ, ಶೌಚಾಲಯದ ನೆಲದಡಿ ವರ್ಷಗಟ್ಟಲೆ ತೊಟ್ಟಿಕ್ಕಿದ ತೇವ ಲೋಹವನ್ನು ತಿಂದಿದೆಯೇ ಎಂದು ಬೆರಳಾಡಿಸಿ, ಬೆಳಕು ಬಿಟ್ಟು, ಉಪಕರಣ ಹಿಡಿದು ಹುಡುಕುತ್ತಾರೆ. ಎಂಜಿನ್ನಿನೊಳಗೆ ಕ್ಯಾಮೆರಾ ತೂರಿಸುತ್ತಾರೆ. ಉಪಕರಣದ ಕೋಣೆಯಿಂದ ಹೊರಗೆ ಹೋದ ಪ್ರತಿ ಸ್ಪ್ಯಾನರಿಗೂ ಲೆಕ್ಕ, ವಾಪಸು ಬಂದದ್ದಕ್ಕೂ ಲೆಕ್ಕ. ಎಲ್ಲ ಮುಗಿದ ಮೇಲೆ ಪರವಾನಗಿ ಇರುವ ಎಂಜಿನಿಯರ್ ಸಹಿ ಹಾಕಬೇಕು. ಆ ಸಹಿ ಇಲ್ಲದೆ ಪ್ರಧಾನಿ ಕೂತಿದ್ದರೂ ವಿಮಾನ ಕದಲಬಾರದು.

2023ರ ಡಿಸೆಂಬರಿನಲ್ಲಿ ಲಾಸ್ ಏಂಜಲೀಸಿನಲ್ಲಿ ಕ್ವಾಂಟಾಸಿನ ಒಂದು ಎ380ಕ್ಕೆ ನಿಗದಿತ ತಪಾಸಣೆ ನಡೆಯಿತು. ಎಂಜಿನ್ ತಿರುಗಿಸಲು ಬಳಸುವ ಒಂದೂಕಾಲು ಮೀಟರ್ ಉದ್ದದ ನೈಲಾನ್ ಸಲಕರಣೆ ವಾಪಸು ಬಂದಿಲ್ಲವೆಂದು ಗೊತ್ತಿದ್ದರೂ, ಅದನ್ನು ಹುಡುಕುವ ಕ್ರಮ ಶುರುವಾಗುವ ಮೊದಲೇ ಸಹಿ ಬಿತ್ತು. ಸಲಕರಣೆ ಇದ್ದದ್ದು ಎಂಜಿನ್ನಿನೊಳಗೆ. ಹೊಸ ವರ್ಷದ ದಿನ ಅದು ಸಿಗುವಷ್ಟರಲ್ಲಿ ಆ ವಿಮಾನ 34 ಬಾರಿ ಹಾರಿ, 290 ಗಂಟೆಗೂ ಹೆಚ್ಚು ಕಾಲ ಆಕಾಶದಲ್ಲಿತ್ತು. ಅನಾಹುತ ಆಗಲಿಲ್ಲ. ಆಗದಿದ್ದುದಕ್ಕೆ ಸಮಾಧಾನಪಡಬೇಕೇ, ಆಗಬಹುದಿತ್ತು ಎಂದು ನಡುಗಬೇಕೇ? ಕಳೆದುಹೋದ ಒಂದು ಸಲಕರಣೆಗಾಗಿ ಇಡೀ ವಿಮಾನವನ್ನು ತಡೆದು ನಿಲ್ಲಿಸುವ ಧೈರ್ಯ ಎಂಜಿನಿಯರಿಗೆ ಬರಬೇಕಾದರೆ, ತಡವಾದರೂ ಚಿಂತೆಯಿಲ್ಲ ಎಂಬ ಭರವಸೆ ಮೇಲಿನಿಂದ ಬರಬೇಕು.

ಬರುತ್ತಿದ್ದುದು ಬೇರೆಯೇ ಸಂದೇಶ. ಮೆಲ್ಬರ್ನ್ ಹತ್ತಿರದ ಟಲ್ಲಮರೈನಿನಲ್ಲಿ ಭಾರೀ ತಪಾಸಣೆಯ ಹ್ಯಾಂಗರ್ ಮುಚ್ಚುತ್ತೇವೆಂದು 2012ರಲ್ಲಿ ಹೇಳಿದರು. ಬೋಯಿಂಗ್ 747ಗಳನ್ನು ನೋಡಿಕೊಳ್ಳುತ್ತಿದ್ದ ಆವಲೋನ್ ಹ್ಯಾಂಗರ್ 2014ರಲ್ಲಿ ಬಾಗಿಲು ಹಾಕಿತು, ಸುಮಾರು 300 ಮಂದಿ ಕೆಲಸ ಕಳೆದುಕೊಂಡರು. ಅದಕ್ಕೂ ಮೊದಲು, 2011ರ ಅಕ್ಟೋಬರ್ 29ರ ಶನಿವಾರ, ಎಂಜಿನಿಯರುಗಳು, ಪೈಲಟ್‌ಗಳು ಮತ್ತು ನೆಲದ ಸಿಬ್ಬಂದಿಯ ಸಂಘಗಳ ಜೊತೆ ಜಗಳ ಕಟ್ಟಿ ಜಾಯ್ಸ್ ಇಡೀ ವಿಮಾನಪಡೆಯನ್ನೇ ನಿಲ್ಲಿಸಿಬಿಟ್ಟಿದ್ದರು. 22 ನಿಲ್ದಾಣಗಳಲ್ಲಿ 108 ವಿಮಾನಗಳು ನಿಂತವು, ಹತ್ತಿರ ಹತ್ತಿರ 70 ಸಾವಿರ ಪ್ರಯಾಣಿಕರು ಸಿಕ್ಕಿಬಿದ್ದರು. ಪರ್ತ್‌ನಲ್ಲಿ ಕಾಮನ್‌ವೆಲ್ತ್ ನಾಯಕರ ಸಮ್ಮೇಳನ ನಡೆಯುತ್ತಿದ್ದ ಹೊತ್ತು ಅದು. ಹಿಂದಿನ ದಿನವಷ್ಟೇ ಷೇರುದಾರರ ಸಭೆ ಮುಖ್ಯಸ್ಥರಿಗೆ ಸುಮಾರು 50 ಲಕ್ಷ ಡಾಲರಿನ ಸಂಬಳಕ್ಕೆ ಒಪ್ಪಿಗೆ ಕೊಟ್ಟಿತ್ತು.

ಇಷ್ಟೆಲ್ಲ ಆಗುತ್ತಿರುವಾಗ ಫಲಕವಿಲ್ಲದ ಬಾಗಿಲು ತೆರೆದೇ ಇತ್ತು. ಆಸ್ಟ್ರೇಲಿಯಾದ ಸಂಸದರು ತಮಗೆ ಬಂದ ಉಡುಗೊರೆ, ಸವಲತ್ತುಗಳನ್ನು ಸಂಸತ್ತಿನ ದಾಖಲೆಯಲ್ಲಿ ಬರೆಸಬೇಕು. ಆ ಪುಟಗಳನ್ನು ಮಗುಚಿದರೆ ಸದಸ್ಯರ ಹೆಸರಿನ ಮುಂದೆ ಮತ್ತೆ ಮತ್ತೆ ಸಿಗುವುದು ಚೇರ್ಮನ್ಸ್ ಲೌಂಜ್. ವಿಮಾನಯಾನದ ಕಾನೂನು ಬರೆಯುವವರು, ಹೊರದೇಶದ ಪೈಪೋಟಿದಾರರಿಗೆ ಅನುಮತಿ ಕೊಡುವವರು ಅಲ್ಲಿ ಅತಿಥಿಗಳು. 2023ರ ಜುಲೈನಲ್ಲಿ ಕತಾರ್ ಏರ್‌ವೇಸ್ ಕೇಳಿದ ಹೆಚ್ಚುವರಿ ವಿಮಾನಗಳನ್ನು ಸಾರಿಗೆ ಮಂತ್ರಿ ಕ್ಯಾಥರೀನ್ ಕಿಂಗ್ ನಿರಾಕರಿಸಿದಾಗ ಜನ ಸಹಜವಾಗಿಯೇ ಆ ಬಾಗಿಲ ಕಡೆ ನೋಡಿದರು. ರಾಷ್ಟ್ರದ ಹಿತಕ್ಕಾಗಿ ಹಾಗೆ ಮಾಡಿದೆವು ಎಂದು ಸರ್ಕಾರ ಹೇಳಿತು. ಮರುವರ್ಷ ಪತ್ರಕರ್ತ ಜೋ ಆಸ್ಟನ್ ಲೌಂಜಿನ ಹೆಸರನ್ನೇ ಹೊತ್ತ ಪುಸ್ತಕದಲ್ಲಿ, ಪ್ರಧಾನಿ ಆಂಥನಿ ಆಲ್ಬನೀಸಿ ಹಿಂದಿನ ವರ್ಷಗಳಲ್ಲಿ 22 ಬಾರಿ ಉಚಿತವಾಗಿ ಮೇಲ್ದರ್ಜೆಯ ಸೀಟು ಪಡೆದಿದ್ದರೆಂದು ಬರೆದರು. ಎಲ್ಲವನ್ನೂ ಘೋಷಿಸಿದ್ದೇನೆ, ಸೀಟಿಗಾಗಿ ಜಾಯ್ಸ್‌ಗೆ ಫೋನ್ ಮಾಡಿಲ್ಲ ಎಂದು ಪ್ರಧಾನಿ ಉತ್ತರಿಸಿದರು. ಅವರ ಮಾತನ್ನು ನಾನು ಅನುಮಾನಿಸುವುದಿಲ್ಲ. ನನ್ನ ಆತಂಕ ಲಂಚದ್ದಲ್ಲ, ಅಭ್ಯಾಸದ್ದು. ತಡವಾದ ವಿಮಾನಕ್ಕೆ ಕಾದು ನೆಲದ ಮೇಲೆ ಕೂತ ಮನುಷ್ಯನನ್ನು ಹಾದು ಹೋಗುವ ಪ್ರಮೇಯವೇ ಬಾರದವನಿಗೆ ಆ ತಡ ಕಾಣುವುದಾದರೂ ಹೇಗೆ?

ನಮ್ಮವರಿಗೆ ಈ ವಿಮಾನಗಳು ಪರಕೀಯವಲ್ಲ. 2022ರ ಸೆಪ್ಟೆಂಬರ್ 14ರಂದು ಸಿಡ್ನಿಯಿಂದ ಬೆಂಗಳೂರಿಗೆ ಕ್ವಾಂಟಾಸ್ ನೇರ ಹಾರಾಟ ಶುರುಮಾಡಿತು. ಆಸ್ಟ್ರೇಲಿಯಾದಿಂದ ದಕ್ಷಿಣ ಭಾರತಕ್ಕೆ ಅದು ಮೊದಲ ನೇರ ಸೇವೆ. ಅದಕ್ಕೂ ಮೊದಲು ಸಿಂಗಪುರದಲ್ಲೋ ಕ್ವಾಲಾಲಂಪುರದಲ್ಲೋ ವಿಮಾನ ಬದಲಿಸಬೇಕಿತ್ತು. ಇಂಗ್ಲಿಷ್ ಬಾರದ ಅಮ್ಮನನ್ನು ಒಬ್ಬಳನ್ನೇ ಕಳಿಸುವುದು ಹೇಗೆಂದು ಮಕ್ಕಳು ತಲೆ ಕೆಡಿಸಿಕೊಳ್ಳುತ್ತಿದ್ದರು. ಈಗ ಮಗಳ ಬಾಣಂತನಕ್ಕೆಂದು ಹೊರಟವರು ಚಟ್ನಿಪುಡಿ, ಹುರಿದ ಅವಲಕ್ಕಿಯ ಡಬ್ಬಿ ಕಟ್ಟಿಕೊಂಡು ದೇವನಹಳ್ಳಿಯಲ್ಲಿ ಹತ್ತಿದರೆ ಸಿಡ್ನಿಯಲ್ಲೇ ಇಳಿಯುತ್ತಾರೆ. ಅವರಿಗೆ ಲೌಂಜಿನ ಗೊಡವೆಯಿಲ್ಲ. ರೆಕ್ಕೆಯ ಕೆಳಗೆ ಟಾರ್ಚ್ ಹಿಡಿದು ಓಡಾಡಿದವನು ನಿಜವಾಗಿ ನೋಡಿ ಸಹಿ ಮಾಡಿದ್ದರೆ ಸಾಕು.

ಆದರೆ ಹಾಗೆ ವಿಮಾನದ ಕೆಳಗೆ ದುಡಿಯುವವರನ್ನು ಸಂಸ್ಥೆ ನಡೆಸಿಕೊಂಡ ರೀತಿ ಬೇರೆ. 2020ರಲ್ಲಿ, ಕೊರೊನಾ ನಡುವೆ, ಹತ್ತು ನಿಲ್ದಾಣಗಳಲ್ಲಿ ಲಗೇಜು ಎತ್ತುವ, ವಿಮಾನ ಸ್ವಚ್ಛಗೊಳಿಸುವ ತನ್ನ ಸಿಬ್ಬಂದಿಯ ಕೆಲಸವನ್ನು ಕ್ವಾಂಟಾಸ್ ಹೊರಗುತ್ತಿಗೆಗೆ ಕೊಟ್ಟಿತು. ಅದು ಕಾನೂನುಬಾಹಿರವೆಂದು 2023ರ ಸೆಪ್ಟೆಂಬರಿನಲ್ಲಿ ಹೈಕೋರ್ಟ್ ಒಕ್ಕೊರಲಿನಿಂದ ಎತ್ತಿಹಿಡಿಯಿತು. ಅಲ್ಲಿ ಹೈಕೋರ್ಟೇ ದೇಶದ ಅತ್ಯುನ್ನತ ನ್ಯಾಯಾಲಯ. ಆ ತೀರ್ಪಿಗೆ ಎರಡು ವಾರ ಮೊದಲು, ರದ್ದು ಮಾಡಲು ತೀರ್ಮಾನಿಸಿದ್ದ ಸಾವಿರಾರು ಹಾರಾಟಗಳಿಗೂ ಟಿಕೆಟ್ ಮಾರುತ್ತಿತ್ತೆಂದು ಗ್ರಾಹಕರ ಹಿತ ಕಾಯುವ ಆಯೋಗ ಅದರ ಮೇಲೆ ಮೊಕದ್ದಮೆ ಹೂಡಿತ್ತು. ಕೆಲವೇ ದಿನಗಳಲ್ಲಿ ಜಾಯ್ಸ್ ಅವಧಿಗೆ ಮುಂಚೆಯೇ ಹೊರನಡೆದರು. ಮರುವರ್ಷ ಆಡಳಿತ ಮಂಡಳಿ ಅವರ ಸಂಭಾವನೆಯಲ್ಲಿ 92 ಲಕ್ಷ ಡಾಲರಿಗೂ ಹೆಚ್ಚು ಕಡಿತ ಮಾಡಿತು. 2025ರ ಆಗಸ್ಟಿನಲ್ಲಿ ಫೆಡರಲ್ ಕೋರ್ಟಿನ ನ್ಯಾಯಮೂರ್ತಿ ಮೈಕೆಲ್ ಲೀ, ಕೆಲಸ ಕಳೆದುಕೊಂಡವರಿಗೆ ಮೊದಲೇ ಒಪ್ಪಿಕೊಂಡಿದ್ದ 12 ಕೋಟಿ ಡಾಲರ್ ಪರಿಹಾರದ ಜೊತೆಗೆ 9 ಕೋಟಿ ಡಾಲರ್ ದಂಡ ಹಾಕಿದರು. ದಂಡದಲ್ಲಿ 5 ಕೋಟಿ ನೇರವಾಗಿ ಹೋದದ್ದು ಆ ಕಾರ್ಮಿಕರ ಪರವಾಗಿ ಐದು ವರ್ಷ ಕೋರ್ಟಿನ ಮೆಟ್ಟಿಲು ಹತ್ತಿಳಿದ ಸಾರಿಗೆ ಕಾರ್ಮಿಕರ ಸಂಘಕ್ಕೆ.